ಸುಗಲಾಬಾಯಿ ತಿರುವಿದ ಶ್ಯಾವಿಗೆ

ಸತ್ತವರನ್ನು ಹೊಗಳುವುದರಲ್ಲಿ ನಮ್ಮ ಓಣಿಯವರನ್ನು ಮೀರಿಸುವವರಿಲ್ಲ. ಬದುಕಿದ್ದಾಗ ಒಂದು ತಂಬಿಗೆ ನೀರು ಕೇಳಿದರೆ ಮುಖ ಗಂಟು ಹಾಕುವವರು, ಸತ್ತ ಮೇಲೆ "ಭಾಳ ಚಲೋ ಹೆಣಮಗಳು" ಎಂದು ಸೆರಗಿನಿಂದ ಕಣ್ಣೊರೆಸುತ್ತಾರೆ. ಸುಗಲಾಬಾಯಿ ತೀರಿಕೊಂಡಾಗಲೂ ನಮ್ಮ ಬಾಳಿವೇಸು ಓಣಿಯ ಹೆಂಗಸರು ಸಾಲಾಗಿ ಬಂದು ಕೂತು, "ಏನು ಕೈ ರೀ ಅಕೀದು, ಏನು ಶ್ಯಾವಿಗಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ಆ ಕೈ ಹಿಟ್ಟಿಗೆ ಎಲ್ಲಿ ತಾಗೀತೋ ಎಂದು ವರ್ಷಗಟ್ಟಲೆ ಕಾವಲು ಕಾದವರು ಇವರೇ. ಅಂದು ನಾನು ಬಾಯಿ ಬಿಡಲಿಲ್ಲ, ಈಗ ಬರೆಯುತ್ತಿದ್ದೇನೆ. ಅಕ್ಕಲಕೋಟೆಯ ತವರಿನಲ್ಲಿ ಅಪ್ಪ ನನಗೆ ನಾಲ್ಕಕ್ಷರ ಕನ್ನಡ ಕಲಿಸಿದ್ದರು. ನಮ್ಮ ಮನೆಯ ಹುಡುಗರು ಈಗ ಓದುವುದೆಲ್ಲ ಮರಾಠಿ. ಹಾಗಾಗಿ ಕನ್ನಡದಲ್ಲಿ ಏನು ಬರೆದರೂ ಮನೆಯಲ್ಲಿ ಜಗಳವಾಗುವ ಭಯವಿಲ್ಲ.

ನಾನು ನೀಲಾಬಾಯಿ, ಸುಗಲಕ್ಕನ ಎದುರು ಮನೆಯವಳು. ಸೋಲಾಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಈ ಊರಿನ ನೀರೂ ಸೇರುತ್ತಿರಲಿಲ್ಲ, ಜನರೂ ಸೇರುತ್ತಿರಲಿಲ್ಲ. ಆಗ ನನ್ನನ್ನು ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಾಡಿಸಿದವಳು ಅವಳೊಬ್ಬಳೇ. ಆಗ ಅವಳ ಹಣೆಯಲ್ಲಿ ಕುಂಕುಮವಿತ್ತು, ಕೈತುಂಬ ಹಸಿರು ಬಳೆಗಳಿದ್ದವು, ಮಡಿಲಲ್ಲಿ ಇಂದುಬಾಯಿ ಎಂಬ ಚಿಕ್ಕ ಮಗಳಿದ್ದಳು. ಗಂಡ ಸಾತಲಿಂಗಪ್ಪ ಅಣ್ಣನ ಜೊತೆ ಸೇರಿ ಹಿತ್ತಾಳೆ ಪಾತ್ರೆಗಳ ಅಂಗಡಿ ನಡೆಸುತ್ತಿದ್ದ. ಹೊಸದೇನು ಕಂಡರೂ ಮರುಳಾಗುವ ಮನುಷ್ಯ. ೧೯೨೬ರ ಸುಮಾರಿಗೆ ಮಾಲು ತರಲು ಪುಣೆಗೆ ಹೋದವನು ಒಂದು ಶ್ಯಾವಿಗೆ ಮಶೀನು ಹೊತ್ತುಕೊಂಡು ಬಂದ.

ಅಲ್ಲಿಯವರೆಗೆ ನಮ್ಮಲ್ಲಿ ಶ್ಯಾವಿಗೆ ಅಂದರೆ ಮಣೆಯ ಮೇಲೆ ಹೊಸೆಯುವುದು. ಇಳಿಜಾರಾಗಿ ಇಟ್ಟ ಉದ್ದ ಹಲಗೆಯ ಮೇಲೆ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಉಜ್ಜುತ್ತಾ ಎಳೆ ಇಳಿಸಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ಅಂಗೈಯ ಗೆರೆಗಳೇ ಅಳಿಸಿಹೋಗುತ್ತಿದ್ದವು. ಮಶೀನಿಗೆ ಆ ಕಷ್ಟವಿಲ್ಲ. ಹೊರಸು ಮಂಚದ ಚೌಕಟ್ಟಿಗೆ ಬಿಗಿದು, ಮೇಲಿನ ಬಾಯಿಗೆ ಹಿಟ್ಟು ಹಾಕಿ, ಹಿಡಿಕೆ ತಿರುವಿದರೆ ಆಯಿತು. ಒಳಗಿನ ತಿರುಪು ಹಿಟ್ಟನ್ನು ಹಿತ್ತಾಳೆಯ ಕೊಳವೆಯೊಳಗೆ ನೂಕುತ್ತ, ಒತ್ತುತ್ತ ಹೋಗಿ, ತುದಿಯಲ್ಲಿರುವ ತೂತಿನ ಬಿಲ್ಲೆಯಿಂದ ಎಳೆ ಎಳೆಯಾಗಿ ಹೊರಗೆ ಬಿಡುತ್ತದೆ. ಸಾತಲಿಂಗಪ್ಪ ಅಂಗಡಿಯ ಮುಂದೆಯೇ ತಿರುವಿ ತೋರಿಸಿದ. ಹೆಂಗಸರು ಬಂದು ನೋಡಿ, ಮೂಗಿನ ಮೇಲೆ ಬೆರಳಿಟ್ಟು, "ಕಬ್ಬಿಣದ ಹೊಟ್ಟ್ಯಾಗಿಂದ ಬಂದದ್ದು ದೇವರಿಗೆ ಹ್ಯಾಂಗ ಎಡಿ ಮಾಡೂದ್ರಿ?" ಎಂದು ಹೋದರು. ಒಂದೂ ಮಾರಾಟವಾಗಲಿಲ್ಲ. ಕೊನೆಗೆ ಮಶೀನು ಮನೆ ಸೇರಿತು.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅದಕ್ಕೆ ಅಂಟಿಕೊಂಡರು. ಮಣೆಯ ಹದ ಮಶೀನಿಗೆ ಆಗುವುದಿಲ್ಲ ಎಂಬುದು ಅವರಿಗೆ ಬೇಗ ತಿಳಿಯಿತು. ಮಣೆಗೆ ಹಿಟ್ಟು ಮೆತ್ತಗಿರಬೇಕು. ಮಶೀನಿಗೆ ಅದೇ ಹಿಟ್ಟು ಹಾಕಿದರೆ ಎಳೆಗಳು ಹೊರಬಿದ್ದ ಕೂಡಲೇ ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ. ನೀರು ತೀರ ಕಡಿಮೆಯಾದರೆ ಬಿಲ್ಲೆ ಕಟ್ಟಿಕೊಳ್ಳುತ್ತದೆ, ಇಲ್ಲವೆ ಎಳೆಯ ಮೈ ಹರಿದು ತರಿ ತರಿಯಾಗಿ ಬರುತ್ತದೆ. ಅಂಥದ್ದು ಒಣಗಿದಾಗ ಚೆಂದವೇ ಕಾಣುತ್ತದೆ, ಕುದಿನೀರಿಗೆ ಬಿದ್ದಾಗ ಕರಗಿ, ನೀರನ್ನು ಗಂಜಿ ಮಾಡಿ, ಅದರ ಬಣ್ಣ ಬಯಲಾಗುತ್ತದೆ. ಜಾಸ್ತಿ ಹೊತ್ತು ಬಿಡದೆ ತಿರುವಿದರೆ ಕೊಳವೆ ಕಾದು, ಹಿಟ್ಟು ಒಳಗೇ ಅರ್ಧ ಬೆಂದಂತಾಗುತ್ತದೆ. ಅದಕ್ಕೆ ಕೊಳವೆಯ ಮೇಲೆ ಒದ್ದೆ ಬಟ್ಟೆ ಸುತ್ತುವ ಉಪಾಯ ಸಾತಲಿಂಗಪ್ಪನದು. ಹಿಡಿ ಹಿಟ್ಟನ್ನು ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಹೆಬ್ಬೆರಳಿನಿಂದ ಒತ್ತಿದರೆ ಒಡೆಯಬೇಕು ಎಂಬ ಅಳತೆ ಸುಗಲಕ್ಕನದು. ಅಂಗಡಿಯ ಹಮಾಲ ಖಂಡಪ್ಪ ಹಿಡಿಕೆ ತಿರುವುತ್ತಿದ್ದ. ಸುಗಲಕ್ಕ ನಾದಿ ಕೊಡುತ್ತಿದ್ದಳು, ಎದುರು ಕೂತ ನಾನು ಎಳೆಗಳನ್ನು ಬಿದಿರ ಕೋಲಿನ ಮೇಲೆ ಇಳಿಬಿಡುತ್ತಿದ್ದೆ. ಹೀಗೆ ನಡೆದದ್ದು ಎರಡೇ ಬೇಸಿಗೆ, ಅವಳು ನಗುತ್ತಿದ್ದುದನ್ನು ನಾನು ನೋಡಿದ್ದು ಆಗ ಮಾತ್ರ.

ಆಮೇಲೆ ಊರಿಗೆ ಕಾಲರಾ ಬೇನೆ ಬಂತು. ಬೆಳಗ್ಗೆ ಅಂಗಡಿಗೆ ಹೋದ ಸಾತಲಿಂಗಪ್ಪನನ್ನು ಮಧ್ಯಾಹ್ನ ಹೊತ್ತು ತಂದರು, ಸಂಜೆಗೆ ಮಣ್ಣು ಮಾಡಿ ಬಂದರು. ಸುಗಲಕ್ಕನ ಹಣೆಗೆ ವಿಭೂತಿಯೊಂದೇ ಉಳಿಯಿತು.

ನಮ್ಮ ಕಡೆ ಮದುವೆಯ ಶ್ಯಾವಿಗೆಗೆ ಒಂದು ಕಟ್ಟಳೆಯಿದೆ. ಅಯ್ಯನವರು ಕೊಟ್ಟ ಮುಹೂರ್ತದಲ್ಲಿ ಐದು ಮಂದಿ ಮುತ್ತೈದೆಯರು ಬೀಸುವ ಕಲ್ಲಿಗೆ ಅರಿಷಿಣದ ಕೊಂಬು ಕಟ್ಟಿ, ಹಿಟ್ಟು ನಾದಿ, ಮೊದಲ ಎಳೆ ತೆಗೆಯಬೇಕು. ಗಂಡ ಸತ್ತವಳು ಆ ಹಿಟ್ಟನ್ನು ಮುಟ್ಟಬಾರದು. ಅವಳು ದಿನಾ ಬಡಿಯುವ ರೊಟ್ಟಿಯನ್ನು ಮನೆಮಂದಿಯೆಲ್ಲ ತಿನ್ನಬಹುದು, ಅದಕ್ಕೇನೂ ದೋಷವಿಲ್ಲ. ದೋಷವೆಲ್ಲ ಶ್ಯಾವಿಗೆಗೆ ಮಾತ್ರ. ಧರ್ಮ ಅನ್ನುವುದು ನಮ್ಮ ಓಣಿಯಲ್ಲಿ ಎಲ್ಲಿ ಕೂತರೆ ತನಗೆ ಹಿತವೋ ಅಲ್ಲೇ ಕೂರುತ್ತಿತ್ತು.

೧೯೩೦ರಲ್ಲಿ, ಸೋಲಾಪುರಕ್ಕೆ ಇಂಗ್ರೇಜಿ ಸರಕಾರದ ಮಾರ್ಷಲ್ ಲಾ ಬಂದ ವರ್ಷ, ಅವಳ ಭಾವನ ಮಗಳ ಮದುವೆ ಗೊತ್ತಾಯಿತು. ಬೀದಿಯಲ್ಲಿ ಬಂದೂಕು ಹಿಡಿದ ಗೋರಾ ಸಿಪಾಯಿಗಳು, ಕೂಗದೆ ಬಾಯಿ ಮುಚ್ಚಿಕೊಂಡ ಗಿರಣಿಯ ಭೋಂಗಾ, ಮನೆಮನೆಯ ಬಾಗಿಲಿಗೂ ಅಗಳಿ. ಖಂಡಪ್ಪ ಹೆದರಿ ತನ್ನೂರು ವಳಸಂಗಕ್ಕೆ ಓಡಿದವನು ತಿರುಗಿ ಬರಲಿಲ್ಲ. ಊರು ತಣ್ಣಗಾದ ಕೂಡಲೇ ಲಗ್ನ ಮಾಡಬೇಕು, ಶ್ಯಾವಿಗೆ ಅದಕ್ಕೂ ಮೊದಲೇ ಆಗಬೇಕು, ಹಿಡಿಕೆ ತಿರುವಲು ಆಳಿಲ್ಲ. ಸುಗಲಕ್ಕನ ಮನೆಯ ಶ್ಯಾವಿಗೆ ತಿಂದು ತಿಂದು, ಮೊದಲು ಮೂಗಿನ ಮೇಲೆ ಬೆರಳಿಟ್ಟ ನಮ್ಮ ಹೆಂಗಸರಿಗೂ ಅಷ್ಟರಲ್ಲಿ ಮಶೀನಿನ ರುಚಿ ಹತ್ತಿತ್ತು. ಮಣೆ ತೆಗೆಯಲು ಯಾರೂ ತಯಾರಿಲ್ಲ. ಸುಗಲಕ್ಕನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ ಲೀಲಾಬಾಯಿ, ಹಿಡಿಕೆ ಹಿಡಿದು ನಾಲ್ಕು ಸುತ್ತು ತಿರುವಿ, ಬೆವತು, ಗೋಡೆಗೆ ಒರಗಿದಳು. ಉಳಿದವರೂ ಅಷ್ಟೇ. ಆಗ ಅವರ ಅತ್ತೆ ಗುರುಲಿಂಗಮ್ಮ ಮೂಲೆಯಿಂದ ತೀರ್ಪು ಕೊಟ್ಟರು.

"ಸುಗಲಾ ತಿರುವ್ಲಿ. ಹಿಡಿಕಿ ಕಬ್ಬಿಣದ್ದು. ಕಬ್ಬಿಣಕ್ಕ ಮೈಲಿಗಿ ಇಲ್ಲ. ಹಿಟ್ಟಿಗೆ ಫಕ್ತ ಕೈ ಹತ್ತಬಾರದು, ಅಷ್ಟ."

ಎಲ್ಲರಿಗೂ ಜೀವ ಬಂತು. ಮುದುಕಿ ಎಂಥ ದೊಡ್ಡ ಮನಸ್ಸಿನವಳು, ವಿಧವೆ ಸೊಸೆಯನ್ನೂ ಶುಭಕಾರ್ಯದಲ್ಲಿ ಸೇರಿಸಿಕೊಂಡಳು ಎಂದು ಓಣಿ ಕೊಂಡಾಡಿತು. ಅಂದಿನಿಂದ ಸುಗಲಕ್ಕ ಗಾಣದ ಎತ್ತಾದಳು.

ಆ ಮದುವೆಯ ಶ್ಯಾವಿಗೆ ಚೆನ್ನಾಗಿ ಬಂತು. ಮುಂದಿನ ಬೇಸಿಗೆಗೆ ಪಕ್ಕದ ಮನೆಯವರು ಕರೆದರು, ಅದರ ಮುಂದಿನ ಬೇಸಿಗೆಗೆ ಇಡೀ ಬಾಳಿವೇಸು ಕರೆಯಿತು. ಹೋಳಿ ಹುಣ್ಣಿಮೆ ಕಳೆಯುವುದೇ ತಡ, ಮಶೀನು ಒಂದು ಮನೆಯಿಂದ ಇನ್ನೊಂದು ಮನೆಗೆ, ಅದರ ಹಿಂದೆ ಸುಗಲಕ್ಕ. ಸೋಲಾಪುರದ ಬಿಸಿಲು ಕೇಳಬೇಕೆ? ಹಂಚಿನ ಮಾಡಿನ ಕೆಳಗೆ ಕೂತು ಮುಂಜಾನೆಯಿಂದ ಸಂಜೆಯವರೆಗೆ ತಿರುವುವುದು. ಮುತ್ತೈದೆಯರು ಮಾತಾಡುತ್ತ, ನಗುತ್ತ, ಹಾಡುತ್ತ ಹಿಟ್ಟು ತುಂಬುತ್ತಿದ್ದರು. ಸಂಜೆ ಹೊರಡುವಾಗ ಮನೆಯವರು ಅವರ ಉಡಿ ತುಂಬುತ್ತಿದ್ದರು. ಸುಗಲಕ್ಕನಿಗೆ ಉಡಿ ತುಂಬುವ ಹಾಗಿಲ್ಲವಲ್ಲ, ಅವಳು ಹಿತ್ತಲ ಬಾಗಿಲಿನಿಂದ ಮನೆಗೆ ಹೋಗುತ್ತಿದ್ದಳು. ಅವಳ ಜೊತೆ ನಡೆದು ಹೋಗುವಾಗ ನಾನು ಯಾರನ್ನಾದರೂ ಬೈಯುತ್ತಿದ್ದೆ. ಅವಳು, "ಬಿಡ ನೀಲಾ, ದಣದೀನಿ, ನಿನ್ನ ಬೈಗಳು ಕೇಳಾಕೂ ಆಗವಲ್ದು" ಅನ್ನುತ್ತಿದ್ದಳು.

ಹಿಟ್ಟು ಮುಟ್ಟದೆಯೇ ಹಿಟ್ಟಿನ ಸಂಗತಿಯೆಲ್ಲ ಅವಳಿಗೆ ತಿಳಿಯುತ್ತಿತ್ತು. ಹಿಡಿಕೆ ಹಗುರಾಗಿ ಜಾರಿದರೆ ನೀರು ಹೆಚ್ಚು. ಕಿರುಗುಟ್ಟಿ ತಡೆದು ತಡೆದು ಬಂದರೆ ನೀರು ಕಡಿಮೆ. ಹದವಾದ ಹಿಟ್ಟು ಒಂದೇ ಸಮನೆ ಭಾರವಾಗಿರುತ್ತದೆ. ನಾದಿದ ಮೇಲೆ ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಒಂದಷ್ಟು ಹೊತ್ತು ಮಲಗಬೇಕು, ಶ್ಯಾವಿಗೆ ಹಿಟ್ಟೆಂದರೆ ಸಣ್ಣ ಗೋಧಿ ರವೆ, ನೀರು ಅದರ ಒಳಗೆ ಇಳಿಯಬೇಕು. ಅದಾಗದಿದ್ದರೆ ಹಿಡಿಕೆ ಒಂದು ಸುತ್ತು ಹಗುರ, ಒಂದು ಸುತ್ತು ಭಾರ. ಅವಳು ತಿರುವುತ್ತ ತಿರುವುತ್ತ, "ಇನ್ನೊಂದೀಟ ರವಾ ಬೇಕ್ರಿ" ಅನ್ನುತ್ತಿದ್ದಳು, "ಇದನ್ನ ಇನ್ನೊಮ್ಮಿ ನಾದ್ರಿ" ಅನ್ನುತ್ತಿದ್ದಳು. ಕೇಳಿದ ಮನೆಯ ಶ್ಯಾವಿಗೆ ಚೆನ್ನಾಗುತ್ತಿತ್ತು. ಹೆಸರು ಮಾತ್ರ ನಾದಿದ ಮುತ್ತೈದೆಯರ ಕೈಗುಣಕ್ಕೆ.

ಹೀಗೆ ವರ್ಷಗಳು ಹೋದವು. ಇಂದುಬಾಯಿಗೆ ಹದಿನೈದು ತುಂಬಿತು. ೧೯೩೭ರ ಬೇಸಿಗೆಯಲ್ಲಿ ಕುರನೂರಿನ ಭೀಮಶಾ ಎಂಬ ಒಕ್ಕಲುತನದವರ ಮನೆಯಿಂದ ಕಿರಿಯ ಮಗನಿಗೆ ಹೆಣ್ಣು ಕೇಳಲು ಬಂದರು. ಅಕ್ಕಲಕೋಟೆಯ ಆಚೆ, ಬೋರಿ ಹೊಳೆಯ ದಂಡೆಯ ಊರು. ಹೊಲವಿದ್ದವರು, ಗಟ್ಟಿ ಕಾಳಿನ ಸದಕ ಗೋಧಿ ಬೆಳೆಯುವವರು. ಶ್ಯಾವಿಗೆಗೆ ಅದೇ ಗೋಧಿಯಾಗಬೇಕು ನೋಡಿ. ಭೀಮಶಾನ ಹೆಂಡತಿ ಹಣಮವ್ವ ಹುಡುಗಿಯನ್ನು ನೋಡಿ, ಒಪ್ಪಿ, ತಾಂಬೂಲ ಹಿಡಿದುಕೊಂಡು ಏಳುವಾಗ ಒಂದು ಮಾತು ಅಂದಳು.

"ರುಕ್ವತದಾಗ ಏನ ಇಡ್ರಿ, ಬಿಡ್ರಿ, ಶ್ಯಾವಿಗಿ ಮಾತ್ರ ಚಲೋ ಇರ್ಲಿ. ನಮ್ಮ ಮನ್ಯಾಗ ಶ್ಯಾವಿಗಿ ಅಂದ್ರ ಎಲ್ಲಾರೂ ಕಣ್ಣಿಟ್ಟ ನೋಡ್ತಾರ."

ರುಕ್ವತ ಎಂದರೆ ಮದುವೆಯಲ್ಲಿ ಹೆಣ್ಣಿನವರು ಬೀಗರಿಗೆ ಇಡುವ ತಿಂಡಿತಿನಿಸುಗಳ ಸಾಲು. ಅದರಲ್ಲಿಯ ಶ್ಯಾವಿಗೆಯನ್ನು ಮದುವೆಯ ಮರುದಿನ ಹೊಸ ಸೊಸೆಯೇ ಬೇಯಿಸಿ, ಬಸಿದು, ಹಾಲು ಬೆಲ್ಲ ಹಾಕಿ ಎಲ್ಲರಿಗೂ ಬಡಿಸಬೇಕು. ಕುರನೂರಿನವರ ಮನೆಯ ಸಂಗತಿ ನನಗೆ ತವರಿನ ಕಡೆಯಿಂದ ತಿಳಿದಿತ್ತು. ಹಿರಿಯ ಸೊಸೆ ತಂದ ಶ್ಯಾವಿಗೆ ಕುದಿನೀರಲ್ಲಿ ಕರಗಿ ಗಂಜಿಯಾಗಿತ್ತಂತೆ. ಅಂದಿನಿಂದ ಅವಳಿಗೆ "ಅಂಬಲಿ" ಎಂದೇ ಹೆಸರು. ಎರಡು ಮಕ್ಕಳಾದರೂ ಆ ಹೆಸರು ಹೋಗಿರಲಿಲ್ಲ. "ಅಂಬಲೀ, ನೀರು ತಾ," "ಅಂಬಲೀ, ದನಾ ಕಟ್ಟು." ಇದನ್ನು ಸುಗಲಕ್ಕನಿಗೆ ಹೇಳಬಾರದಿತ್ತು ಅನಿಸುತ್ತದೆ. ಆದರೆ ನನ್ನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ, ಹೇಳಿಬಿಟ್ಟೆ.

ಅವಳು, "ಇಂದೂನ ಶ್ಯಾವಿಗಿ ಹಿಟ್ಟು ನಾನ ನಾದಬೇಕು ನೀಲಾ. ಊರಾಗಿನ ಎಲ್ಲಾ ಹುಡಿಗ್ಯಾರದು ತಿರುವಿದೆ. ನನ್ನ ಮಗಳದೊಂದು ನಾದಬಾರದೇನ?" ಅಂದಳು.

ಅಂದೇ ಸಂಜೆ ಅತ್ತೆಯ ಮುಂದೆ ಹೋಗಿ ನಿಂತು ಕೇಳಿದಳು. ಗುರುಲಿಂಗಮ್ಮ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೇ ಚೆನ್ನಾಗಿತ್ತು. ಮೆತ್ತಗೆ, "ಮಗಳ ಬಾಳೇವು ಚಲೋ ಇರೂದು ಬ್ಯಾಡೇನ ನಿನಗ?" ಅಂದರು. ಸುಗಲಕ್ಕ ಹೋದ ಕಾಲಲ್ಲೇ ತಿರುಗಿ ಬಂದಳು.

ಇಂದುಬಾಯಿಯ ಶ್ಯಾವಿಗೆಯ ಮುಹೂರ್ತ ಬೆಳಗಿನ ಹೊತ್ತಿಗೇ ಇತ್ತು. ಲೀಲಾಬಾಯಿ, ನಾನು, ಇನ್ನೂ ಮೂವರು ಮುತ್ತೈದೆಯರು. ಹಿಂದಿನ ದಿನವೇ ಮುಗಿಯಬೇಕಿದ್ದ ರವೆಯ ಜರಡಿ ಕೆಲಸ ಬೆಳಗಿನವರೆಗೂ ಎಳೆಯಿತು, ಯಾಕೆಂದರೆ ಲೀಲಾಬಾಯಿಗೆ ಹೊಸ ಸೀರೆ ಉಡುವುದೇ ದೊಡ್ಡ ಕೆಲಸವಾಗಿತ್ತು. ಮುಹೂರ್ತ ಮೀರುತ್ತದೆಂದು ಗಡಿಬಿಡಿಯಲ್ಲಿ ನಾದಲು ಕೂತೆವು. ಗಟ್ಟಿ ಹಿಟ್ಟು ನಾದುವುದು ಕಷ್ಟ. ಲೀಲಾಬಾಯಿ ತಂಬಿಗೆ ಬಗ್ಗಿಸಿ ನೀರು ಸುರಿದಳು. "ಸಾಕ್ರಿ, ನೀರು ಸಾಕು," ಎಂದು ಸುಗಲಕ್ಕ ಮಶೀನಿನ ಹತ್ತಿರದಿಂದ ಅಂದಳು. "ನಿನ್ನ ಕೆಲಸಾ ನೀ ನೋಡು," ಎಂದಳು ಲೀಲಾಬಾಯಿ. ಹಿಟ್ಟನ್ನು ಮಲಗಿಸಲೂ ಇಲ್ಲ. ಅರಿಷಿಣದ ಕೊಂಬು ಕಟ್ಟಿದ ಮಶೀನಿನ ಬಾಯಿಗೆ ಹಾಗೇ ತುಂಬಿದರು.

ಸುಗಲಕ್ಕ ತಿರುವಿದಳು. ಎಳೆಗಳು ಒದ್ದೆ ಕೂದಲಿನಂತೆ ಜೋತು, ಒಂದಕ್ಕೊಂದು ಅಂಟಿ, ನನ್ನ ಕೈಯಲ್ಲಿ ಮುದ್ದೆಯಾದವು. ಲೀಲಾಬಾಯಿ ಹಿಟ್ಟಿಗೆ ಒಣ ರವೆ ಚೆಲ್ಲಿ, ಒಂದೆರಡು ಸಲ ಹೊರಳಿಸಿ ಮತ್ತೆ ತುಂಬಿದಳು. ಈ ಸಲ ಎಳೆಗಳ ಮೈ ಹರಿದು ಬಂತು.

"ಗೋಧಿನ ಸರಿ ಇಲ್ಲ," ಎಂದಳು ಲೀಲಾಬಾಯಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಇರ್ಲಿ ಬಿಡು, ಬಿಸಲಾಗ ಹಾಕಿದ್ರ ಸರಿ ಆಗ್ತದ. ರುಕ್ವತದಾಗ ಯಾರು ಎಣಸ್ತಾರ?"

ಸುಗಲಕ್ಕ ಹಿಡಿಕೆ ಬಿಟ್ಟು ಎದ್ದು ನಿಂತಳು. ಅಷ್ಟು ವರ್ಷಗಳಲ್ಲಿ ಅವಳು ನಡುವೆ ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಎಲ್ಲರ ಕಣ್ಣೂ ಅವಳ ಕೈಗಳ ಮೇಲೆ. ಲೀಲಾಬಾಯಿ ಹಿಟ್ಟಿನ ಪರಾತವನ್ನು ಸರ್ರನೆ ತನ್ನ ಮಡಿಲಿಗೆ ಎಳೆದುಕೊಂಡಳು, ಕಾಗೆ ಬಂದು ಎತ್ತಿಕೊಂಡು ಹೋಗುತ್ತದೋ ಅನ್ನುವ ಹಾಗೆ. ಇಂದುಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಮುಟ್ಟಿದ್ದರೆ ಆ ಹಿಟ್ಟು ದನದ ಬಾನಿಗೆ ಹೋಗುತ್ತಿತ್ತು, ಸುದ್ದಿ ಕುರನೂರಿಗೆ ಹೋಗುತ್ತಿತ್ತು, ಮದುವೆ ನಿಲ್ಲುತ್ತಿತ್ತು.

ಸುಗಲಕ್ಕ ಮುಟ್ಟಲಿಲ್ಲ. "ನೀಲಾ," ಅಂದಳು, "ಬಿಲ್ಲಿ ಬಿಚ್ಚು."

ನಾನು ತುದಿಯ ತೂತಿನ ಬಿಲ್ಲೆಯನ್ನು ಬಿಚ್ಚಿದೆ. ಈಗ ಕೊಳವೆಯ ಬಾಯಿ ಪೂರ್ತಿ ತೆರೆದಿತ್ತು.

"ಇಳಿದದ್ದೆಲ್ಲಾ ಮತ್ತ ಮ್ಯಾಲೆ ಹಾಕು."

ಹಾಕಿದೆ. ಅವಳು ಕೂತು ತಿರುವಿದಳು. ಹಿಟ್ಟು ತೋಳಿನ ಗಾತ್ರದ ಹುರಿಯಾಗಿ, ಬಿರುಕುಬಿಟ್ಟು, ತುಂಡು ತುಂಡಾಗಿ ಹೊರಬಿತ್ತು. "ಮತ್ತ ಹಾಕು." ಹಾಕಿದೆ. ಮತ್ತೆ ಬಂತು. "ಮತ್ತ."

"ಏನ ಮಾಡಾಕತ್ತಿ ನೀ?" ಎಂದಳು ಲೀಲಾಬಾಯಿ.

"ತಿರುವಾಕತ್ತೀನಿ ಅಕ್ಕಾರ. ಹಿಟ್ಟು ಮುಟ್ಟಿಲ್ಲ."

ನನಗೆ ಆಗ ಹೊಳೆಯಿತು. ನಾದುವುದು ಅಂದರೆ ಬೇರೇನು? ಒತ್ತುವುದು, ಮಡಿಸುವುದು, ಮತ್ತೆ ಒತ್ತುವುದು. ಅದನ್ನು ಕೈ ಮಾಡಿದರೇನು, ಕಬ್ಬಿಣದ ತಿರುಪು ಮಾಡಿದರೇನು? ಅವಳು ಹಿಡಿಕೆಯಿಂದ ನಾದುತ್ತಿದ್ದಳು. ಲೀಲಾಬಾಯಿಗೂ ಹೊಳೆದಿರಬೇಕು. ಅತ್ತೆಯ ಕಡೆ ತಿರುಗಿ, "ನೋಡ್ರಿ ಅತ್ತಿ, ಅಕಿ ನಾದಾಕತ್ತಾಳ!" ಎಂದು ಕೂಗಿದಳು.

ಗುರುಲಿಂಗಮ್ಮ ನೋಡಿದರು. ಮುದುಕಿ ತನ್ನ ಮಾತಿನಲ್ಲಿ ತಾನೇ ಸಿಕ್ಕಿಬಿದ್ದಿದ್ದಳು. ಕಬ್ಬಿಣಕ್ಕೆ ಮೈಲಿಗೆಯಿದೆ ಅಂದರೆ ಇಷ್ಟು ವರ್ಷ ಬಾಳಿವೇಸಿನಲ್ಲಿ ಆದ ಮದುವೆಗಳೆಲ್ಲ ಏನಾಗಬೇಕು? ಲೀಲಾಬಾಯಿಯ ಮಗಳ ಮದುವೆಯೂ ಸೇರಿ? "ತಿರುವ್ಲಿ ಬಿಡು," ಎಂದು ಮುಖ ಗೋಡೆಗೆ ತಿರುಗಿಸಿದರು.

ಮುಹೂರ್ತದ ಮೊದಲ ಎಳೆ ಆಗಿಹೋಗಿತ್ತು, ಇನ್ನು ಗಡಿಬಿಡಿಯಿಲ್ಲ. ಉಳಿದ ಮುತ್ತೈದೆಯರು ಉಂಡು, ಉಡಿ ತುಂಬಿಸಿಕೊಂಡು ಮನೆಗೆ ಹೋದರು. ಲೀಲಾಬಾಯಿ ಒಳಗೆ ಮಲಗಿದಳು. ಸುಗಲಕ್ಕ ತಿರುವುತ್ತಲೇ ಇದ್ದಳು. ಅವಳು ಹೇಳಿದಾಗ ನಾನು ಚಿಟಿಕೆ ಚಿಟಿಕೆಯಾಗಿ ರವೆ ಉದುರಿಸಿದೆ, ಅವಳು ಹೇಳಿದಾಗ ಕೊಳವೆಗೆ ಒದ್ದೆ ಬಟ್ಟೆ ಸುತ್ತಿದೆ. ಗಟ್ಟಿಯಾಗುತ್ತ ಬಂದ ಹಾಗೆ ಹಿಟ್ಟು ಭಾರವಾಯಿತು. ಬಿರುಕುಗಳು ಕೂಡಿಕೊಂಡವು, ಹುರಿ ತುಂಡಾಗುವುದು ನಿಂತಿತು, ಮೈಗೆ ಹೊಳಪು ಬಂತು. ಅಷ್ಟು ಹೊತ್ತಿಗೆ ಅವಳ ಸೀರೆ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹಿಟ್ಟನ್ನು ಬಟ್ಟೆಯ ಕೆಳಗೆ ಮಲಗಿಸು ಅಂದಳು. ತಾನು ಮಾತ್ರ ಕಂಬಕ್ಕೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದಳು.

"ಇನ್ನ ನಾ ತಿರುವ್ತೀನಿ, ಸುಗಲಕ್ಕ," ಎಂದೆ.

"ಬ್ಯಾಡ. ಇದು ನಾನ ಮಾಡಬೇಕು."

ಬಿಸಿಲು ಇಳಿದ ಮೇಲೆ ಬಿಲ್ಲೆಯನ್ನು ಮತ್ತೆ ಹಾಕಿದೆವು. ಎಳೆ ಬಂತು. ಎಂಥ ಎಳೆ! ನುಣ್ಣಗೆ, ಬಿಡಿಬಿಡಿಯಾಗಿ, ನಾನು ಕೋಲೆತ್ತಿ ನಿಂತರೂ ಹರಿಯದೆ ಇಳಿಯುತ್ತಲೇ ಇತ್ತು. ನನಗೆ ಕುಣಿಯಬೇಕು ಅನಿಸಿತು. ತಿರುಗಿ ನೋಡಿದರೆ ಅವಳು ಎಡಗೈಯಿಂದ ತಿರುವುತ್ತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಹೆಗಲಲ್ಲಿ ಏನೋ ಹರಿದಂತಾಯಿತು, ಈಗ ಏಳುತ್ತಿಲ್ಲ ಎಂದು ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು. ನಿಲ್ಲಿಸು ಅಂದರೆ ಕೇಳಲಿಲ್ಲ. ಕೊನೆಯ ಹಿಟ್ಟು ಮುಗಿಯುವವರೆಗೆ ತಿರುವಿದಳು. ಶ್ಯಾವಿಗೆಯನ್ನು ಬಿಸಿಲಿಗೆ ಹಾಕಗೊಡಲಿಲ್ಲ, ಒಳಗೆ ನೆರಳಲ್ಲಿ ನಿಧಾನವಾಗಿ ಒಣಗಿಸಿದೆವು. ಮೇಲೆ ಬೇಗ ಒಣಗಿ ಒಳಗೆ ಹಸಿ ಉಳಿದರೆ ಅದು ಡಬ್ಬಿಯಲ್ಲೇ ಪುಡಿಯಾಗುತ್ತದೆ ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದಳು. ಆ ಬಲಗೈ ಮತ್ತೆಂದೂ ಎದೆಯ ಮಟ್ಟಕ್ಕಿಂತ ಮೇಲೆ ಏರಲಿಲ್ಲ.

ಮದುವೆ ಕುರನೂರಿನಲ್ಲಿ. ಸುಗಲಕ್ಕ ಬರಲಿಲ್ಲ. ಹೆಗಲು ಬಾತು ಜ್ವರ ಬಂದಿತ್ತು ಅನ್ನುವುದು ಒಂದು. ಬಾರದಿದ್ದರೂ ಯಾರೂ ಕೇಳುವುದಿಲ್ಲ ಅನ್ನುವುದು ಇನ್ನೊಂದು. ಗಂಡ ಸತ್ತ ತಾಯಿ ಮಗಳ ಅಕ್ಷತೆಯ ಹೊತ್ತಿಗೆ ಎಲ್ಲಿರುತ್ತಾಳೆ ಎಂದು ನಮ್ಮಲ್ಲಿ ಯಾರೂ ಹುಡುಕುವುದಿಲ್ಲ. ನಾವು ರೈಲಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಚಕ್ಕಡಿ ಹತ್ತಿದೆವು. ಹತ್ತುವ ಮೊದಲು ಲೀಲಾಬಾಯಿ ಇಂದುಬಾಯಿಯ ಕಿವಿ ಹಿಂಡುವ ದನಿಯಲ್ಲಿ, "ಶ್ಯಾವಿಗಿ ಯಾರು ಮಾಡ್ಯಾರಂತ ಕೇಳಿದ್ರ ಐದು ಮಂದಿ ಮುತ್ತೈದೇರು ಅನ್ನು. ಮತ್ತೇನರ ಅಂದಿ ಅಂದ್ರ ನಿನ್ನ ಬಾಳೇವು ನಿನ್ನ ಕೈಯಾಗ," ಅಂದಳು. ಹುಡುಗಿ ತಲೆಯಾಡಿಸಿದಳು.

ಮದುವೆಯ ಮರುದಿನ ಇಂದುಬಾಯಿ ಒಲೆಯ ಮುಂದೆ ಕೂತಳು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಶ್ಯಾವಿಗೆ ಬಿಟ್ಟಾಗ ಮನೆಯ ಹೆಂಗಸರೆಲ್ಲ ಬಂದು ಪಾತ್ರೆಗೆ ಮುಖ ಹಾಕಿದರು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಉಸಿರು ಹಿಡಿದು ನೋಡುತ್ತಿದ್ದವಳು ಆ ಹಿರಿಯ ಸೊಸೆ. ಬಸಿದಾಗ ಕೆಳಗೆ ಬಿದ್ದ ನೀರು ತಿಳಿಯಾಗಿಯೇ ಇತ್ತು. ಶ್ಯಾವಿಗೆ ಎಳೆ ಎಳೆಯಾಗಿ ಬುಟ್ಟಿಯಲ್ಲಿ ನಿಂತಿತು.

ಎಲ್ಲರೂ ಸಾಲಾಗಿ ಕೂತರು. ಹಣಮವ್ವ ಮೊದಲ ತುತ್ತನ್ನು ಬೆರಳಲ್ಲಿ ಎತ್ತಿ, ಕಣ್ಣೆತ್ತರಕ್ಕೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡಳು. ತಟ್ಟೆ ಅರ್ಧ ಖಾಲಿಯಾಗುವವರೆಗೆ ಉಂಡಳು.

"ಹಿಟ್ಟು ಯಾರು ನಾದಿದ್ರಿ?" ಎಂದಳು ಆಮೇಲೆ.

"ನಾವ ಐದು ಮಂದಿ ಮುತ್ತೈದೇರ್ರಿ," ಎಂದಳು ಲೀಲಾಬಾಯಿ, ಸೆರಗು ಸರಿಮಾಡಿಕೊಳ್ಳುತ್ತ.

ಹಾಲಿನ ತಂಬಿಗೆ ಹಿಡಿದು ನಿಂತಿದ್ದ ಇಂದುಬಾಯಿ ಬಾಯಿ ತೆರೆದಳು. "ನಮ್ಮವ್ವ ನಾದ್ಯಾಳ್ರಿ."

ಕುರನೂರಿನವರಲ್ಲಿ ಒಬ್ಬ ಮುದುಕಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಲೀಲಾಬಾಯಿ ನಗಲು ನೋಡಿ, "ಸಣ್ಣ ಹುಡಿಗಿ ರೀ, ಏನೇನರ ಅಂತದ. ಅವರವ್ವ ಫಕ್ತ ಹಿಡಿಕಿ ತಿರುವ್ಯಾಳ," ಎಂದಳು.

"ಹಿಡಿಕಿಲೆ ನಾದ್ಯಾಳ್ರಿ," ಎಂದಳು ಹುಡುಗಿ. "ಇಡೀ ದಿನ ನಾದ್ಯಾಳ. ಹೆಗಲ ಹೋಗ್ಯದ ಅಕೀದು. ಸುಳ್ಳ ಯಾಕ ಹೇಳ್ಲಿ?"

ಮುಗಿಯಿತು, ಹುಡುಗಿಯ ಗಂಟುಮೂಟೆ ಇಂದೇ ಚಕ್ಕಡಿ ಹತ್ತುತ್ತದೆ ಅಂದುಕೊಂಡೆ. ಹಣಮವ್ವ ತಟ್ಟೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ತಟ್ಟೆ ಸರಿಸಿದ ಮುದುಕಿಯನ್ನು ನೋಡಿದಳು.

"ನುಂಗಿದ್ದು ಹೊಟ್ಟ್ಯಾಗ ಹೋಗ್ಯದ," ಎಂದಳು ಆ ಮುದುಕಿಗೆ. "ಈಗ ಕಕ್ಕಾಕ ಬರ್ತದೇನ? ಉಣ್ಣು ಸುಮ್ನ." ತನ್ನ ತಟ್ಟೆಯನ್ನು ಮುಂದಕ್ಕೆ ನೂಕಿದಳು. "ಇನ್ನೊಂದೀಟ ನೀಡು. ಹಾಲು ಕಡಿಮಿ ಹಾಕು, ಶ್ಯಾವಿಗಿ ಕಾಣವಲ್ದು." ಇಂದುಬಾಯಿ ನೀಡುತ್ತಿರುವಾಗ ತಲೆ ಎತ್ತಿ, "ನಿಮ್ಮವ್ವ ಲಗ್ನಕ್ಕ ಯಾಕ ಬರ್ಲಿಲ್ಲ?" ಎಂದಳು.

ಲೀಲಾಬಾಯಿ ತಲೆ ತಗ್ಗಿಸಿ ಶ್ಯಾವಿಗೆ ತಿನ್ನತೊಡಗಿದಳು.

ಸೋಲಾಪುರಕ್ಕೆ ಬಂದವಳು ನಾನು ನನ್ನ ಮನೆಗೆ ಹೋಗಲಿಲ್ಲ, ನೇರ ಸುಗಲಕ್ಕನ ಹತ್ತಿರ ಹೋದೆ. ಹೆಗಲಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು ಮಲಗಿದ್ದಳು. ಏಳಲು ನೋಡಿದಳು, ಬೇಡ ಅಂದೆ.

"ನೀರು ತಿಳಿ ಇತ್ತ?" ಅವಳ ಮೊದಲ ಮಾತು ಅದು.

"ತಿಳಿ ಇತ್ತು."

ಕಣ್ಣು ಮುಚ್ಚಿದಳು. ನಾನು ಉಳಿದದ್ದೆಲ್ಲ ಹೇಳಿದೆ. ಇಂದುಬಾಯಿ ಬಾಯಿಬಿಟ್ಟ ಸಂಗತಿ ಕೇಳಿದಾಗ ಸಿಟ್ಟಿಗೆದ್ದು, "ಹುಚ್ಚ ಖೋಡಿ! ಯಾಕ ಹೇಳ್ಬೇಕಿತ್ತು? ಬಾಯಿ ಮುಚಗೊಂಡು ಬಾಳೇವು ಮಾಡಾಕ ಏನಾಗಿತ್ತು ಅಕಿಗೆ?" ಎಂದು ಬೈದಳು. ಬೈಯುತ್ತ ಬೈಯುತ್ತ ಅಳು ಬಂತು. ಗಂಡನ ಹೆಣದ ಮುಂದೆಯೂ ಹೀಗೆ ಅತ್ತಿರಲಿಲ್ಲ. ಒಂದೇ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಆ ಕೈ ಸಾಲುತ್ತಿರಲಿಲ್ಲ. ನಾನೂ ಅತ್ತೆ.

ಅಳು ನಿಂತ ಮೇಲೆ ಕಣ್ಣು ಮುಚ್ಚಿ ಮಲಗಿದಳು. ನಿದ್ದೆ ಹತ್ತಿತೆಂದು ನಾನು ಏಳಹೊರಟೆ. ಆಗ ಕಣ್ಣು ತೆರೆಯದೆಯೇ ಕೇಳಿದಳು.

"ಕಡೀಕ ಏನ ಕೇಳಿದ್ಲು ಅಂದಿ ಹಣಮವ್ವ?"

"ನಿಮ್ಮವ್ವ ಲಗ್ನಕ್ಕ ಯಾಕ ಬರ್ಲಿಲ್ಲ ಅಂದ್ಲು."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

"ಇನ್ನೊಮ್ಮಿ ಹೇಳು," ಅಂದಳು ಸುಗಲಕ್ಕ. ನಾನು ಮತ್ತೆ ಕೂತು ಹೇಳಿದೆ.